ಟೋಟಲ್ ಯಾಕೆ ಬರಲಿಲ್ಲ? ಪವರ್‌ಲಿಫ್ಟಿಂಗ್‌ನಲ್ಲಿ ಬಾಂಬ್ ಔಟ್ ಆದಾಗ ದೋಷ ಹುಡುಕುವ ಬಗೆ

ಪವರ್‌ಲಿಫ್ಟಿಂಗ್‌ನಲ್ಲಿ ಮೂರು ಲಿಫ್ಟ್: ಸ್ಕ್ವಾಟ್ (ಬಾರ್ ಬೆನ್ನ ಮೇಲೆ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿಕೊಂಡು ಬಾರ್ ಎದೆಗೆ ಇಳಿಸಿ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು). ಒಂದೊಂದಕ್ಕೆ ಮೂರು ಅಟೆಂಪ್ಟ್. ಪ್ರತಿ ಲಿಫ್ಟ್‌ನಲ್ಲಿ ಪಾಸಾದ ದೊಡ್ಡ ತೂಕಗಳನ್ನು ಕೂಡಿದರೆ ಟೋಟಲ್. ಆದರೆ ಯಾವುದೇ ಒಂದು ಲಿಫ್ಟ್‌ನಲ್ಲಿ ಮೂರೂ ಅಟೆಂಪ್ಟ್ ಹೋದರೆ ಟೋಟಲ್ ಇಲ್ಲ. ಆಮೇಲೆ ಡೆಡ್‌ಲಿಫ್ಟ್‌ನಲ್ಲಿ 250 ಕೆಜಿ ಎತ್ತಿದರೂ ಪಟ್ಟಿಯಲ್ಲಿ ಸ್ಥಾನ ಸಿಗುವುದಿಲ್ಲ. ಇದಕ್ಕೇ ಬಾಂಬ್ ಔಟ್ ಅನ್ನುವುದು.

ನನಗೂ ಇದು ಆಗಿದೆ. ಬೆಂಗಳೂರಿನಲ್ಲಿ ನನ್ನ ಮೊದಲ ರಾಜ್ಯ ಮಟ್ಟದ ಸ್ಪರ್ಧೆ. ತುಮಕೂರಿನಿಂದ ಬೆಳಗಿನ ಜಾವದ ಬಸ್ಸಿಗೆ ಹೋಗಿದ್ದೆ. 74 ಕೆಜಿ ವಿಭಾಗ. ನಮ್ಮ ಜಿಮ್‌ನಲ್ಲಿ 170 ಸ್ಕ್ವಾಟ್ ಮಾಡಿದ್ದೆ, ಹಾಗಾಗಿ 165ಕ್ಕೆ ಶುರು ಮಾಡಿದೆ. ಕೂತೆ, ಎದ್ದೆ, ಬಾರ್ ಇಟ್ಟೆ. ತಿರುಗಿ ನೋಡಿದರೆ ಎರಡು ಕೆಂಪು ದೀಪ, ಅಂದರೆ ಫೇಲ್. ಸಿಟ್ಟು ಬಂತು. ಮುಂದಿನ ತೂಕ ಬರೆಸುವ ಟೇಬಲ್ ಹತ್ತಿರ ನೇರ ಹೋಗಿ 170 ಬರೆಸಿದೆ. ಅದಕ್ಕೂ ಕೆಂಪು. ಮೂರನೆಯದರಲ್ಲಿ ಕೆಳಗೆ ಕೂತವನು ಏಳಲೇ ಇಲ್ಲ, ಪಕ್ಕದಲ್ಲಿ ಕಾವಲಿಗೆ ನಿಂತಿದ್ದ ಸ್ಪಾಟರ್‌ಗಳು ಬಾರ್ ಹಿಡಿದರು. ಬೆಂಚ್ ಶುರುವಾಗುವ ಮೊದಲೇ ನನ್ನ ಆ ದಿನದ ಟೋಟಲ್ ಮುಗಿದಿತ್ತು.

ವಾಪಸ್ ಬರುವಾಗ ಬಸ್ಸಿನ ಕಿಟಕಿ ಕಂಬಿ ಹಿಡಿದುಕೊಂಡೆ. ಕೈ ತೆಗೆದಾಗ ಕಂಬಿಯ ಮೇಲೆ ಐದು ಬೆರಳಿನ ಬೆಳ್ಳಗಿನ ಗುರುತು. ಚಾಕ್ ಇನ್ನೂ ಬೆರಳ ಸಂದಿಯಲ್ಲೇ ಇತ್ತು. ನೆಲಮಂಗಲ ದಾಟುವವರೆಗೂ ನನ್ನ ತಲೆಯಲ್ಲಿ ಒಂದೇ ಮಾತು: ನನಗೆ ಶಕ್ತಿ ಸಾಲದು.

ಆ ಮಾತು ತಪ್ಪು ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಆಮೇಲಿನ ವರ್ಷಗಳಲ್ಲಿ ನಮ್ಮ ಜಿಮ್‌ನ ಹುಡುಗ ಹುಡುಗಿಯರ ಜೊತೆ ಹತ್ತಾರು ಮೀಟ್‌ಗಳಿಗೆ, ಅಂದರೆ ಸ್ಪರ್ಧೆಗಳಿಗೆ, ಹೋಗಿದ್ದೇನೆ. ವಾರ್ಮ್-ಅಪ್ ಮಾಡಿಸಿದ್ದೇನೆ, ಅಟೆಂಪ್ಟ್ ಬರೆಸಿದ್ದೇನೆ, ಬಾಂಬ್ ಔಟ್ ಆದವರ ಪಕ್ಕ ಕೂತಿದ್ದೇನೆ. ಶಕ್ತಿ ಇಲ್ಲದೆ ಬಾಂಬ್ ಔಟ್ ಆದವರನ್ನು ನಾನು ನೋಡಿದ್ದು ಬಹಳ ಕಮ್ಮಿ. ಮೊದಲ ಅಟೆಂಪ್ಟ್ ತಪ್ಪಾಗಿ ಆರಿಸಿಕೊಂಡವರು, ಅದು ಹೋದಾಗ ಯಾಕೆ ಹೋಯಿತು ಅಂತ ನೋಡದೆ ಎರಡನೆಯದಕ್ಕೆ ಹೋದವರು, ಇವರೇ ಜಾಸ್ತಿ.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರನ್ನು ನೆನಪಿಸಿಕೊಳ್ಳಿ. 2016ರ ರಿಯೊ ಒಲಿಂಪಿಕ್ಸ್‌ನ 48 ಕೆಜಿ ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್ ಅನ್ನುವ ಲಿಫ್ಟ್‌ನ ಮೂರೂ ಅಟೆಂಪ್ಟ್ ಹೋಗಿ ಅವರಿಗೆ ಟೋಟಲ್ ಸಿಗಲಿಲ್ಲ. ಮರುವರ್ಷ ಅವರೇ ವಿಶ್ವ ಚಾಂಪಿಯನ್. ಟೋಕಿಯೊದಲ್ಲಿ 49 ಕೆಜಿ ವಿಭಾಗದಲ್ಲಿ 202 ಕೆಜಿ ಎತ್ತಿ ಬೆಳ್ಳಿ ತಂದರು. ಅದು ವೇಟ್‌ಲಿಫ್ಟಿಂಗ್, ನಮ್ಮದು ಪವರ್‌ಲಿಫ್ಟಿಂಗ್. ಆದರೆ ಟೋಟಲ್ ತಪ್ಪುವ ಲೆಕ್ಕ ಎರಡರಲ್ಲೂ ಒಂದೇ. ಆ ಮಟ್ಟದವರಿಗೂ ಆಗುತ್ತದೆ ಅಂದಮೇಲೆ, ಬಾಂಬ್ ಔಟ್ ಆದ ದಿನವೇ ಬೆಲ್ಟ್ ಮಾರಿಬಿಡುವ ಯೋಚನೆ ಮಾಡಬೇಡಿ.

ಇಲ್ಲಿ ಹೇಳುತ್ತಿರುವುದು ಐಪಿಎಫ್ (ಇಂಟರ್‌ನ್ಯಾಷನಲ್ ಪವರ್‌ಲಿಫ್ಟಿಂಗ್ ಫೆಡರೇಷನ್) ನಿಯಮದ ಪ್ರಕಾರ. 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಅದು. ನೀವು ಬೇರೆ ಸಂಸ್ಥೆಯ ಮೀಟ್‌ಗೆ ಹೆಸರು ಕೊಟ್ಟಿದ್ದರೆ ಅವರ ನಿಯಮ ಪುಸ್ತಕ ಮೊದಲು ಓದಿ.

ಮೊದಲ ಪ್ರಶ್ನೆ: ಎತ್ತಲು ಆಗಲಿಲ್ಲವೋ, ಎತ್ತಿದ್ದನ್ನು ಕೊಡಲಿಲ್ಲವೋ?

ನಮ್ಮೂರ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವುದನ್ನು ನೋಡಿರುತ್ತೀರಿ. ಕಲ್ಲು ಹೆಗಲಿಗೆ ಬಂತು ಅಂದರೆ ಗೆದ್ದ ಹಾಗೆ. ಕಾಲು ಅಲುಗಾಡಿತಾ, ಮಂಡಿ ಬಾಗಿತಾ, ಯಾರೂ ಕೇಳುವುದಿಲ್ಲ. ಪವರ್‌ಲಿಫ್ಟಿಂಗ್ ಹಾಗಲ್ಲ. ಇಲ್ಲಿ ಮೂವರು ರೆಫರಿಗಳು ಹೇಗೆ ಎತ್ತಿದಿರಿ ಅಂತ ನೋಡುತ್ತಾರೆ. ಮೂರರಲ್ಲಿ ಎರಡು ಬಿಳಿ ದೀಪ ಬಂದರೆ ಪಾಸು. ಎರಡು ಕೆಂಪು ಬಂದರೆ, ಬಾರ್ ಮೇಲೆ ಹೋಗಿದ್ದರೂ ಅದು ಲೆಕ್ಕಕ್ಕಿಲ್ಲ.

ಹಾಗಾಗಿ ದೋಷ ಎರಡು ಬಗೆ. ಬಾರ್ ಮೇಲೆ ಹೋಗಲೇ ಇಲ್ಲ ಅಂದರೆ ಅದು ತೂಕದ ಅಥವಾ ದೇಹದ ದೋಷ. ಬಾರ್ ಹೋಯಿತು, ದೀಪ ಕೆಂಪು ಅಂದರೆ ಅದು ನಿಯಮದ ದೋಷ. ಈ ಎರಡಕ್ಕೂ ಮದ್ದು ಬೇರೆ ಬೇರೆ. ನಿಯಮದಲ್ಲಿ ತಪ್ಪಿದವನಿಗೆ ‘ಇನ್ನೂ ಜೋರಾಗಿ ತಳ್ಳು’ ಅಂದರೆ ಏನೂ ಉಪಯೋಗ ಇಲ್ಲ.

ಕೆಂಪು ದೀಪ ಕೊಟ್ಟ ರೆಫರಿ ಅದರ ಜೊತೆ ಒಂದು ಕಾರ್ಡ್ ತೋರಿಸುತ್ತಾರೆ. ಕೆಂಪು, ನೀಲಿ ಅಥವಾ ಹಳದಿ. ಯಾಕೆ ಕೊಡಲಿಲ್ಲ ಅನ್ನುವುದಕ್ಕೆ ಉತ್ತರ ಆ ಬಣ್ಣದಲ್ಲೇ ಇದೆ. ನಾನು ಅವತ್ತು ದೀಪ ಮಾತ್ರ ನೋಡಿದೆ, ಕಾರ್ಡ್ ಕಡೆ ಕಣ್ಣು ಹಾಕಲಿಲ್ಲ. ಅಷ್ಟು ದೂರ ಹೋಗಿ, ಪಕ್ಕದಲ್ಲೇ ಇದ್ದ ಉತ್ತರ ಓದದೆ ಬಂದೆ.

ಸ್ಕ್ವಾಟ್‌ನಲ್ಲಿ ಕೆಂಪು ಕಾರ್ಡ್ ಅಂದರೆ ಡೆಪ್ತ್, ಅಂದರೆ ಕೂತ ಆಳ, ಸಾಲಲಿಲ್ಲ. ನೀಲಿ ಅಂದರೆ ಶುರುವಿನಲ್ಲೋ ಕೊನೆಯಲ್ಲೋ ಮಂಡಿ ಲಾಕ್ ಆಗಿ ನೆಟ್ಟಗೆ ನಿಲ್ಲಲಿಲ್ಲ, ಇಲ್ಲಾ ಏಳುವಾಗ ಮಧ್ಯೆ ಬಾರ್ ಕೆಳಗೆ ಬಂತು. ಹಳದಿ ಅಂದರೆ ಉಳಿದದ್ದು: ರೆಫರಿ ಕೂಗುವ ಕಮಾಂಡ್‌ಗೆ ಕಾಯಲಿಲ್ಲ, ಹೆಜ್ಜೆ ಕದಲಿತು, ಮೊಣಕೈ ತೊಡೆಗೆ ತಾಗಿತು. ಬೆಂಚ್‌ನಲ್ಲಿ ಕೆಂಪು ಅಂದರೆ ಬಾರ್ ಎದೆಗೆ ಮುಟ್ಟಲಿಲ್ಲ ಅಥವಾ ಮೊಣಕೈ ಬೇಕಾದಷ್ಟು ಇಳಿಯಲಿಲ್ಲ. ನೀಲಿ ಅಂದರೆ ತಳ್ಳುವಾಗ ಬಾರ್ ಹಿಂದೆ ಇಳಿಯಿತು ಅಥವಾ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಡೆಡ್‌ಲಿಫ್ಟ್‌ನಲ್ಲಿ ಕೆಂಪು ಅಂದರೆ ಮಂಡಿ ಲಾಕ್ ಆಗಲಿಲ್ಲ ಅಥವಾ ಹೆಗಲು ಹಿಂದಕ್ಕೆ ಬರಲಿಲ್ಲ. ನೀಲಿ ಅಂದರೆ ಬಾರ್ ಮಧ್ಯೆ ಕೆಳಗಿಳಿಯಿತು ಅಥವಾ ತೊಡೆಯ ಮೇಲೆ ಕೂರಿಸಿ ಎತ್ತಿದಿರಿ. ಈ ಎರಡರಲ್ಲೂ ಹಳದಿ ಅಂದರೆ ಹೆಚ್ಚಾಗಿ ಕಮಾಂಡ್ ಅಥವಾ ಕಾಲಿನ ತಪ್ಪು.

ಚಿಕ್ಕ ಮೀಟ್‌ಗಳಲ್ಲಿ ಎಷ್ಟೋ ಸಲ ಕಾರ್ಡ್ ಇರುವುದಿಲ್ಲ, ದೀಪವೂ ಇರುವುದಿಲ್ಲ, ಬಾವುಟ ಎತ್ತುತ್ತಾರೆ. ಆಗ ನಿಮ್ಮ ಜೊತೆ ಬಂದವರು ಹೋಗಿ, ‘ಸರ್, ಯಾವುದಕ್ಕೆ ಕೊಡಲಿಲ್ಲ?’ ಅಂತ ಮರ್ಯಾದೆಯಿಂದ ಕೇಳಲಿ. ನಾನು ಕೇಳಿದಾಗೆಲ್ಲ ಹೇಳಿದ್ದಾರೆ. ಲಿಫ್ಟರ್ ಹೋಗಿ ಜಗಳ ಆಡಬಾರದು. ಸಮಯವೂ ಹೋಗುತ್ತದೆ, ತಲೆಯೂ ಕೆಡುತ್ತದೆ.

ಸ್ಕ್ವಾಟ್: ‘ನಾನು ಪೂರ್ತಿ ಕೂತಿದ್ದೆ’ ಅನ್ನಿಸಿದರೂ ಕೆಂಪು ಕಾರ್ಡ್

ನಾನು ನೋಡಿದ ಬಾಂಬ್ ಔಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ. ನಿಯಮ ಸರಳ: ತೊಡೆ ಸೊಂಟಕ್ಕೆ ಸೇರುವ ಕೀಲಿನ ಹತ್ತಿರ ಕಾಲಿನ ಮೇಲ್ಭಾಗ ಇದೆಯಲ್ಲ, ಅದು ಮಂಡಿಯ ಮೇಲ್ತುದಿಗಿಂತ ಕೆಳಗೆ ಹೋಗಬೇಕು. ಸಮ ಆದರೆ ಸಾಲದು, ಕೆಳಗೆ. ತೊಡೆಯ ಮಧ್ಯದ ಮಾಂಸಖಂಡ ನೋಡಿ ಅಳೆಯಬೇಡಿ. ಸಿಂಗ್ಲೆಟ್ (ಸ್ಪರ್ಧೆಯಲ್ಲಿ ಹಾಕುವ ಮೈಗಂಟಿದ ಒಂದೇ ತುಂಡಿನ ಉಡುಪು) ಹಾಕಿಕೊಂಡು ಕೂತಾಗ ಸೊಂಟದ ಹತ್ತಿರ ಬಟ್ಟೆ ಮಡಿಕೆ ಬೀಳುತ್ತದಲ್ಲ, ಆ ಮಡಿಕೆ ನೋಡಿ.

ಜಿಮ್‌ನಲ್ಲಿ ನಮಗೆ ಇದು ಗೊತ್ತಾಗುವುದಿಲ್ಲ. ಗೆಳೆಯ ಪಕ್ಕದಲ್ಲಿ ನಿಂತು, ಫೋನ್ ಎದೆ ಎತ್ತರಕ್ಕೆ ಹಿಡಿದು, ಓರೆಯಾಗಿ ವಿಡಿಯೋ ತೆಗೆಯುತ್ತಾನೆ. ಮೇಲಿಂದ ‘ಸೂಪರ್ ಮಗಾ’ ಅನ್ನುತ್ತಾನೆ. ಸ್ಪರ್ಧೆಯಲ್ಲಿ ಇಬ್ಬರು ರೆಫರಿಗಳು ಎಡಕ್ಕೂ ಬಲಕ್ಕೂ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ಅವರ ಕಣ್ಣು ಕೆಳಗಿರುತ್ತದೆ. ಆದ್ದರಿಂದ ಫೋನನ್ನು ನೆಲದ ಮೇಲೆ ಒಂದು ಪ್ಲೇಟ್‌ಗೋ ಡಬ್ಬಕ್ಕೋ ಒರಗಿಸಿ, ಮಂಡಿ ಎತ್ತರದಲ್ಲಿ, ಸರಿಯಾಗಿ ಪಕ್ಕದಿಂದ ತೆಗೆಯಿರಿ. ಅತಿ ಕೆಳಗಿನ ಗಳಿಗೆಯಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ನಿಮಗೇ ಅನುಮಾನ ಬಂದರೆ ರೆಫರಿಗೂ ಬರುತ್ತದೆ.

ಇನ್ನೊಂದು ವಿಷಯ. 120ಕ್ಕೆ ಸರಿಯಾಗಿ ಕೂರುವವರು 160ಕ್ಕೆ ಎರಡು ಬೆರಳು ಮೇಲೆಯೇ ನಿಲ್ಲುತ್ತಾರೆ. ಭಾರ ಜಾಸ್ತಿ ಆದಂತೆ ದೇಹ ತಾನಾಗಿ ಕಳ್ಳಾಟ ಆಡುತ್ತದೆ. ಅದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಡೆಪ್ತ್ ಪರೀಕ್ಷೆ ಮಾಡಬೇಕಾದದ್ದು ಹಗುರ ಸೆಟ್‌ನಲ್ಲಲ್ಲ, ಓಪನರ್ ತೂಕದಲ್ಲಿ, ಅಂದರೆ ಮೊದಲ ಅಟೆಂಪ್ಟ್‌ಗೆ ಹಾಕುವ ತೂಕದಲ್ಲಿ.

ಮೀಟ್‌ನ ದಿನ ಮೊದಲ ಅಟೆಂಪ್ಟ್‌ಗೆ ಡೆಪ್ತ್ ಕೆಂಪು ಬಂದರೆ? ಅದೇ ತೂಕ ಇನ್ನೊಮ್ಮೆ. ಈ ಸಲ ಒಂದೇ ಯೋಚನೆ: ಸ್ವಲ್ಪ ನಿಧಾನ ಇಳಿಯುವುದು, ನಿಮಗೆ ಸಾಕು ಅನ್ನಿಸಿದ ಮೇಲೆ ಇನ್ನೂ ಒಂದಿಷ್ಟು ಕೂರುವುದು. ಕಾಲಿಟ್ಟು ನಿಲ್ಲುವ ರೀತಿ ಬದಲಿಸಬೇಡಿ, ಶೂ ಬದಲಿಸಬೇಡಿ. ಆ ಹೊತ್ತಿನಲ್ಲಿ ಹತ್ತು ಜನ ಹತ್ತು ಸಲಹೆ ಕೊಡುತ್ತಾರೆ. ಒಬ್ಬರ ಮಾತು ಮಾತ್ರ ಕೇಳಿ.

ಸ್ಕ್ವಾಟ್: ಕಮಾಂಡೇ ಬರುತ್ತಿಲ್ಲ

ಬಾರ್ ಹೊತ್ತು ಹಿಂದೆ ಬಂದಿದ್ದೀರಿ. ಬೆನ್ನ ಮೇಲೆ ಭಾರ ಕೂತಿದೆ. ಮುಂದೆ ಕೂತ ಮುಖ್ಯ ರೆಫರಿ ಕೈ ಮೇಲೆತ್ತಿಕೊಂಡೇ ಇದ್ದಾರೆ, ‘ಸ್ಕ್ವಾಟ್’ ಅನ್ನುತ್ತಿಲ್ಲ. ಆ ಮೂರು ನಾಲ್ಕು ಸೆಕೆಂಡಿಗೆ ಅರ್ಧ ಶಕ್ತಿ ಸೋರಿಹೋಗುತ್ತದೆ.

ಕಾರಣ ಸಾಮಾನ್ಯವಾಗಿ ಮಂಡಿ. ನಮಗೆ ನೆಟ್ಟಗಿದೆ ಅನ್ನಿಸುತ್ತದೆ, ಆದರೆ ಸ್ವಲ್ಪ ಬಾಗಿರುತ್ತದೆ. ಇಲ್ಲಾ ಬಾರ್ ಇನ್ನೂ ಅಲುಗುತ್ತಿರುತ್ತದೆ. ಮಂಡಿ ಲಾಕ್ ಮಾಡಿ, ಒಂದು ಉಸಿರು ಎಳೆದು, ಕದಲದೆ ನಿಂತರೆ ಕಮಾಂಡ್ ಬಂದೇ ಬರುತ್ತದೆ. ‘ರೀಪ್ಲೇಸ್’ ಅಂದರೆ ಗಾಬರಿ ಬೇಡ, ಬಾರ್ ಒಳಗಿಡಿ. ನಿಮ್ಮ 1 ನಿಮಿಷ ಮುಗಿಯುವುದರೊಳಗೆ ಮತ್ತೆ ಹೊತ್ತು ಬರಬಹುದು.

ಇದರ ಬೇರು ಕೆಲವು ಸಲ ರ‍್ಯಾಕ್ ಎತ್ತರದಲ್ಲಿರುತ್ತದೆ. ಮೈತೂಕ ನೋಡುವ ಹೊತ್ತಿಗೆ ನಿಮ್ಮ ರ‍್ಯಾಕ್ ನಂಬರ್ ಕೇಳಿ ಬರೆದುಕೊಳ್ಳುತ್ತಾರೆ. ಅಂದಾಜಿನ ಮೇಲೆ ಹೇಳಿಬಿಟ್ಟರೆ ತುದಿಗಾಲಲ್ಲಿ ನಿಂತು ಬಾರ್ ತೆಗೆಯಬೇಕಾಗುತ್ತದೆ. ಅಲ್ಲೇ ಬ್ಯಾಲೆನ್ಸ್ ಹೋಯಿತು. ಅಲ್ಲಿನ ರ‍್ಯಾಕ್‌ನಲ್ಲಿ ಖಾಲಿ ಬಾರ್ ಇಟ್ಟು ನಿಂತು ನೋಡಿ ನಂಬರ್ ಕೊಡಿ. ಬೂಟು ಹಾಕಿಕೊಂಡು ನೋಡಿ.

ಬೆಂಚ್: ‘ಎತ್ತಿದ್ನಲ್ಲಾ, ಮತ್ಯಾಕೆ?’

ಎರಡು ವರ್ಷದ ಹಿಂದೆ ನಮ್ಮ ಜಿಮ್‌ನ ಹುಡುಗಿಯೊಬ್ಬಳ ಮೊದಲ ಮೀಟ್. 57 ಕೆಜಿ ವಿಭಾಗ. ಸ್ಕ್ವಾಟ್ ಮೂರೂ ಪಾಸು. ಬೆಂಚ್ ಓಪನರ್ 45. ಅವಳಿಗೆ ಅದು ಏನೇನೂ ಅಲ್ಲ. ಬಾರ್ ಎದೆಗೆ ತಂದಳು, ಬಾಣದ ಹಾಗೆ ಮೇಲೆ ಹೋಯಿತು. ಮೂರು ಕೆಂಪು.

ಬಂದವಳೇ, ‘ಅಣ್ಣಾ, ಎತ್ತಿದ್ನಲ್ಲಾ, ಮತ್ಯಾಕೆ?’ ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

‘ಎತ್ತಿದೆ ಕಣಮ್ಮಾ. ಅವರು ಪ್ರೆಸ್ ಅನ್ನೋದಕ್ಕೆ ಮುಂಚೆನೇ ಎತ್ತಿದೆ.’

‘ಅಂದ್ರಾ ಅವರು?’

ಅಷ್ಟರಲ್ಲೇ ನನಗೆ ದೋಷ ಗೊತ್ತಾಯಿತು. ಅವಳಿಗೆ ಕಮಾಂಡ್ ಕೇಳಿಸಿಯೇ ಇರಲಿಲ್ಲ, ಅವಳು ಅದಕ್ಕೆ ಕಾದಿರಲೂ ಇಲ್ಲ. ಬೆಂಚ್‌ನಲ್ಲಿ ಮೂರು ಕಮಾಂಡ್: ‘ಸ್ಟಾರ್ಟ್’ ಅಂದ ಮೇಲೆ ಇಳಿಸಬೇಕು, ಎದೆಯ ಮೇಲೆ ಬಾರ್ ಅಲುಗದೆ ನಿಂತಾಗ ‘ಪ್ರೆಸ್’ ಅನ್ನುತ್ತಾರೆ, ಕೈ ನೆಟ್ಟಗಾಗಿ ನಿಂತ ಮೇಲೆ ‘ರ‍್ಯಾಕ್’. ನಾವು ಜಿಮ್‌ನಲ್ಲಿ ಅವಳಿಗೆ ಇದನ್ನು ಬಾಯಲ್ಲಿ ಹೇಳಿದ್ದೆವು ಅಷ್ಟೇ. ಹನ್ನೆರಡು ವಾರ ಅವಳು ಮಾಡಿದ್ದು ಎದೆಗೆ ತಾಗಿಸಿ ತಕ್ಷಣ ಎತ್ತುವ ಬೆಂಚ್. ಕೈ ಅದನ್ನೇ ಕಲಿತಿತ್ತು. ತಪ್ಪು ನಮ್ಮದು, ಕಲಿಸಿದವರದು.

ಅದೇ 45 ಮತ್ತೆ ಬರೆಸಿದೆ. ಹೋಗುವ ಮುಂಚೆ ಹೇಳಿದ್ದು ಒಂದೇ: ‘ಬಾರ್ ಎದೆ ಮೇಲಿಟ್ಟು ಕಿವಿ ಕೊಡು. ಅವರು ಕೂಗೋವರೆಗೂ ಅದು ಅಲ್ಲೇ ಮಲಗಿರಲಿ.’ ಅವಳು ಬಾರ್ ಇಟ್ಟಳು. ಹಾಲ್‌ನಲ್ಲಿ ಫ್ಯಾನ್ ಸದ್ದು, ಹಿಂದೆ ಯಾರದೋ ಶಿಳ್ಳೆ. ಅವಳ ಹೊಟ್ಟೆ ಮೇಲೆದ್ದು ನಿಂತಿತ್ತು, ಉಸಿರು ಬಿಟ್ಟಿರಲಿಲ್ಲ. ‘ಪ್ರೆಸ್!’ ಬಾರ್ ಹೋಯಿತು. ಕೈ ಲಾಕ್ ಮಾಡಿ ಮತ್ತೆ ಕಾದಳು. ಮೂರು ಬಿಳಿ.

ಸ್ಪರ್ಧೆಗೆ ಆರು ವಾರ ಇರುವಾಗಿಂದ ಪ್ರತಿ ಭಾರದ ಸೆಟ್‌ನ ಮೊದಲ ರೆಪ್‌ಗೆ ಯಾರಾದರೂ ಕಮಾಂಡ್ ಕೊಡಲಿ. ಬೇರೆ ಬೇರೆ ಜನ ಕೊಡಲಿ. ಕೆಲವರು ಬೇಗ ಅನ್ನಲಿ, ಕೆಲವರು ಬೇಕಂತಲೇ ತಡ ಮಾಡಲಿ. ಒಂದೇ ದನಿಗೆ ಒಗ್ಗಿಕೊಂಡರೆ ಅಲ್ಲಿ ಹೊಸ ದನಿ ಕೇಳಿ ತಬ್ಬಿಬ್ಬಾಗುತ್ತೀರಿ.

ಬೆಂಚ್‌ನ ಉಳಿದ ತಪ್ಪುಗಳು: ತಳ್ಳುವಾಗ ಕುಂಡೆ ಬೆಂಚ್‌ನಿಂದ ಮೇಲೇಳುವುದು, ತಲೆ ಎತ್ತುವುದು, ಹಿಮ್ಮಡಿ ನೆಲ ಬಿಡುವುದು. ಕುಳ್ಳಗಿರುವವರಿಗೆ ಕಾಲು ನೆಲಕ್ಕೆ ಸರಿಯಾಗಿ ಸಿಗದಿದ್ದರೆ ಪಾದದ ಕೆಳಗೆ ಬ್ಲಾಕ್ ಕೇಳಬಹುದು, ನಾಚಿಕೆ ಬೇಡ. ಬೆನ್ನು ಜಾಸ್ತಿ ಕಮಾನು ಮಾಡುವವರು ಒಂದು ವಿಷಯ ನೆನಪಿಡಿ. 2023ರಿಂದ ಮೊಣಕೈಯ ಕೆಳಭಾಗ ಹೆಗಲಿನ ಮೇಲ್ಭಾಗದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರಲೇಬೇಕು. ಹಳೆಯ ವಿಡಿಯೋ ನೋಡಿ ಕಲಿತವರಿಗೆ ಇಲ್ಲಿ ಕೆಂಪು ಬೀಳುತ್ತಿದೆ.

ಬೆಂಚ್ ಶರ್ಟ್ ಹಾಕುವವರಿಗೆ

ನಮ್ಮಲ್ಲಿ ಎಕ್ವಿಪ್ಡ್ ಸ್ಪರ್ಧೆಗಳು, ಅಂದರೆ ಎತ್ತಲು ನೆರವಾಗುವ ಬಿಗಿ ಶರ್ಟ್, ಸೂಟ್ ಹಾಕಿಕೊಂಡು ಆಡುವ ಸ್ಪರ್ಧೆಗಳು, ಇನ್ನೂ ನಡೆಯುತ್ತವೆ. ಅಲ್ಲಿನ ಬಾಂಬ್ ಔಟ್‌ಗೆ ಕಾರಣವೇ ಬೇರೆ. ಬೆಂಚ್ ಶರ್ಟ್ ಬಿಗಿಯಾಗಿರುವುದರಿಂದ ತೂಕ ಕಮ್ಮಿಯಿದ್ದರೆ ಬಾರ್ ಎದೆಗೆ ಇಳಿಯುವುದೇ ಇಲ್ಲ, ಒಂದು ಇಂಚು ಮೇಲೆ ನಿಂತುಬಿಡುತ್ತದೆ. ಹಾಗಾಗಿ ‘ಓಪನರ್ ಹಗುರ ಇಟ್ಟುಕೊಳ್ಳಿ’ ಅನ್ನುವ ಮಾತು ಇಲ್ಲಿ ಸುಮ್ನೆ ಪಾಲಿಸುವ ಹಾಗಿಲ್ಲ. ಅದೇ ಶರ್ಟ್‌ನಲ್ಲಿ, ಅದೇ ರೀತಿ ಎಳೆದು ಹಾಕಿದಾಗ, ಎಷ್ಟು ತೂಕಕ್ಕೆ ಬಾರ್ ಎದೆ ಮುಟ್ಟುತ್ತದೆ ಅನ್ನುವುದು ಗೊತ್ತಿರಬೇಕು. ಆ ತೂಕಕ್ಕೂ ನೀವು ಎತ್ತಬಲ್ಲ ಗರಿಷ್ಠ ತೂಕಕ್ಕೂ ನಡುವೆ ಜಾಗ ಇರಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಶರ್ಟ್ ನಿಮಗೆ ಅತಿ ಬಿಗಿ. ಸಡಿಲದ್ದು ಹಾಕಿ. ಸ್ಕ್ವಾಟ್ ಸೂಟ್ ಕಥೆಯೂ ಇದೇ: ಹಗುರ ತೂಕಕ್ಕೆ ಸೂಟ್ ಕೂರಲು ಬಿಡುವುದಿಲ್ಲ, ಡೆಪ್ತ್ ಕೆಂಪು.

ಎತ್ತಲು ಆಗಲೇ ಇಲ್ಲ

ಇದು ಕಾರ್ಡ್ ಬೇಕಾಗದ ದೋಷ. ಮೂರು ಕಡೆ ಹುಡುಕಿ.

ಮೊದಲು ಮೈತೂಕ ಇಳಿಸಿದ ರೀತಿ. ಐಪಿಎಫ್ ಮೀಟ್‌ನಲ್ಲಿ ಲಿಫ್ಟಿಂಗ್ ಶುರುವಾಗುವ 2 ಗಂಟೆ ಮುಂಚೆ ತೂಕ ನೋಡಲು ಶುರು ಮಾಡುತ್ತಾರೆ, ಒಂದೂವರೆ ಗಂಟೆ ನೋಡುತ್ತಾರೆ. ಅಂದರೆ ನೀರು ಬಿಟ್ಟು, ಬೆವರು ಹರಿಸಿ, ಉಗುಳಿ ಎರಡು ಕೆಜಿ ಇಳಿಸಿದವನಿಗೆ ಸುಧಾರಿಸಿಕೊಳ್ಳಲು ಸಿಗುವುದು ಅಷ್ಟೇ ಹೊತ್ತು. ನಮ್ಮ ಹುಡುಗನೊಬ್ಬ ಹೀಗೆ 66ಕ್ಕೆ ಇಳಿದ. ತೂಕ ಮುಗಿದ ಕೂಡಲೇ, ಹಿಂದಿನ ದಿನ ಕ್ಯಾತ್ಸಂದ್ರದಲ್ಲಿ ಕಟ್ಟಿಸಿಕೊಂಡಿದ್ದ ತಟ್ಟೆ ಇಡ್ಲಿ ಆರು, ಮೇಲೆ ಒಂದು ಲೀಟರ್ ನೀರು. ವಾರ್ಮ್-ಅಪ್‌ನಲ್ಲಿ ವಾಕರಿಕೆ, ಸ್ಕ್ವಾಟ್‌ನಲ್ಲಿ ತೊಡೆ ಹಿಡಿದುಕೊಂಡಿತು. ಮೊದಲ ಮೀಟ್‌ಗೆ ಹೋಗುವವರು ದಯವಿಟ್ಟು ತೂಕ ಇಳಿಸಲು ಹೋಗಬೇಡಿ. ಎಷ್ಟಿದ್ದೀರೋ ಆ ವಿಭಾಗದಲ್ಲೇ ಆಡಿ. ತೂಕ ಕೊಟ್ಟ ಮೇಲೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಬಾಳೆಹಣ್ಣು, ಸ್ವಲ್ಪ ಮೊಸರನ್ನ, ಇಲ್ಲಾ ಎರಡು ಇಡ್ಲಿ. ಮನೆಯಲ್ಲಿ ಅಭ್ಯಾಸ ಇರುವುದನ್ನೇ ತಿನ್ನಿ.

ಎರಡನೆಯದು ವಾರ್ಮ್-ಅಪ್ ಹೊತ್ತು. ಬೇಗ ಮುಗಿಸಿ ಅರ್ಧ ಗಂಟೆ ಕೂತರೆ ಮೈ ತಣ್ಣಗಾಗುತ್ತದೆ. ತಡವಾದರೆ ಓಡಿಕೊಂಡು ಹೋಗಿ ಎತ್ತಬೇಕು. ಲೆಕ್ಕ ಹೀಗೆ ಹಾಕಿ: ಒಬ್ಬ ಲಿಫ್ಟರ್‌ಗೆ ಸುಮಾರು 1 ನಿಮಿಷ. ನಿಮ್ಮ ಮುಂದೆ ಹನ್ನೆರಡು ಜನ ಇದ್ದರೆ ಹನ್ನೆರಡು ನಿಮಿಷ. ಕೊನೆಯ ವಾರ್ಮ್-ಅಪ್ ನಿಮ್ಮ ಸರದಿಗೆ ಆರೇಳು ನಿಮಿಷ ಮುಂಚೆ ಮುಗಿದಿರಲಿ. ಬಾರ್ ಸಿದ್ಧ ಅಂತ ಕೂಗಿದ ಮೇಲೆ ಲಿಫ್ಟ್ ಶುರು ಮಾಡಲು 1 ನಿಮಿಷ ಮಾತ್ರ. ಬೆಲ್ಟ್ ಬಿಗಿಯುವುದು ಅದರ ಮುಂಚೆಯೇ ಆಗಿರಬೇಕು.

ವಾರ್ಮ್-ಅಪ್‌ನಲ್ಲೇ ಭಾರ ಅನ್ನಿಸಿತಾ? ಇದನ್ನು ಸರಿ ಮಾಡಲು ಒಂದು ಬಾಗಿಲು ತೆರೆದಿರುತ್ತದೆ, ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಲಿಫ್ಟ್‌ನ ಮೊದಲ ರೌಂಡ್ ಶುರುವಾಗುವ 3 ನಿಮಿಷ ಮುಂಚಿನವರೆಗೂ ಓಪನರ್ ಒಂದು ಸಲ ಬದಲಿಸಬಹುದು. ಮೇಲಕ್ಕೂ ಸರಿ, ಕೆಳಕ್ಕೂ ಸರಿ. ಆ ಬಾಗಿಲು ಮುಚ್ಚಿದ ಮೇಲೆ ತೂಕ ಇಳಿಸುವ ಹಾಗೇ ಇಲ್ಲ. ಎರಡನೆಯದೂ ಮೂರನೆಯದೂ ಅಷ್ಟೇ ಇರಬೇಕು ಅಥವಾ ಜಾಸ್ತಿ ಇರಬೇಕು. ಓಪನರ್ ಭಾರ ಆಯಿತು ಅಂದರೆ ಮೂರು ಅಟೆಂಪ್ಟೂ ಆ ಭಾರಕ್ಕೇ ಅಡವಿಟ್ಟ ಹಾಗೆ.

ಮೂರನೆಯದು, ಓಪನರ್ ಆರಿಸಿದ ಲೆಕ್ಕ. ಕಮಾಂಡ್ ಜೊತೆ, ಡೆಪ್ತ್ ಜೊತೆ, ಕೆಟ್ಟ ದಿನದಲ್ಲೂ ಮೂರು ರೆಪ್ ಮಾಡಬಲ್ಲ ತೂಕ ನಿಮ್ಮ ಓಪನರ್. ಮೂರನೇ ಅಟೆಂಪ್ಟ್‌ಗೆ ಏನು ಎತ್ತಬೇಕು ಅಂತಿದ್ದೀರೋ ಅದರ ಶೇ. 90ರ ಆಸುಪಾಸು. ‘ಇಷ್ಟು ಕಮ್ಮಿ ಹಾಕಿದರೆ ಜನ ಏನಂತಾರೆ?’ ಅಂತ ಹುಡುಗರು ಕೇಳುತ್ತಾರೆ. ಪಟ್ಟಿಯಲ್ಲಿ ಓಪನರ್‌ಗೆ ಅಂಕ ಇಲ್ಲ. ಅಲ್ಲಿ ಬರುವುದು ಟೋಟಲ್.

ಡೆಡ್‌ಲಿಫ್ಟ್‌ನಲ್ಲಿ ಬಾಂಬ್ ಔಟ್ ಆಗುವವರು ಕಮ್ಮಿ. ಆದರೆ ಆದವರಲ್ಲಿ ಹೆಚ್ಚಿನವರದ್ದು ಕೈ ಜಾರಿದ್ದು. ಜಿಮ್‌ನಲ್ಲಿ ವರ್ಷವೆಲ್ಲ ಕೈಗೂ ಬಾರ್‌ಗೂ ಸುತ್ತುವ ಸ್ಟ್ರ್ಯಾಪ್ ಹಾಕಿ ಎಳೆದು, ಸ್ಟ್ರ್ಯಾಪ್‌ಗೆ ಅವಕಾಶವೇ ಇಲ್ಲದ ಸ್ಪರ್ಧೆಗೆ ಹೋದರೆ ಬೆರಳು ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ‘ಡೌನ್’ ಅನ್ನುವ ಮುಂಚೆ ಬಾರ್ ಬಿಡುವುದು. ಅನ್ನುವವರೆಗೂ ನಿಲ್ಲಿ, ನೆಲ ಮುಟ್ಟುವವರೆಗೂ ಕೈ ಬಿಡಬೇಡಿ. ಉದ್ದ ಕಾಲುಚೀಲ ಮರೆಯಬೇಡಿ, ಅದಿಲ್ಲದೆ ಬಿಡುವುದಿಲ್ಲ.

ಮೊದಲನೆಯದು ಹೋಯಿತು, ಈಗ 1 ನಿಮಿಷ ಇದೆ

ಅಟೆಂಪ್ಟ್ ಮುಗಿದ 1 ನಿಮಿಷದೊಳಗೆ ಮುಂದಿನ ತೂಕ ಟೇಬಲ್‌ಗೆ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆ ಗೊತ್ತಾ? ಫೇಲ್ ಆದವರಿಗೆ ಅದೇ ತೂಕ ಮತ್ತೆ ಹಾಕುತ್ತಾರೆ. ಪಾಸಾದವರಿಗೆ ಎರಡೂವರೆ ಕೆಜಿ ಏರಿಸುತ್ತಾರೆ. ಅಂದರೆ ಅವತ್ತು ನಾನು ಏನೂ ಬರೆಸದೆ ಗೋಡೆಗೊರಗಿ ಕೂತಿದ್ದರೂ 165 ಮತ್ತೆ ಬರುತ್ತಿತ್ತು. ಎದ್ದು ಹೋಗಿ 170 ಬರೆಸಿದ್ದು ನಾನೇ.

ಆ ನಿಮಿಷದಲ್ಲಿ ನಿಮ್ಮ ಜೊತೆಗಾರರು ಮಾಡಬೇಕಾದ ಕೆಲಸ: ಕಾರ್ಡ್ ಬಣ್ಣ ಓದುವುದು, ಅದೇ ತೂಕ ಬರೆಸುವುದು, ನಿಮಗೆ ಒಂದು ವಾಕ್ಯ ಹೇಳುವುದು. ಒಂದೇ ವಾಕ್ಯ. ‘ಇನ್ನೂ ಕೂರು’, ‘ಕಿವಿ ಕೊಡು’, ‘ಮಂಡಿ ಲಾಕ್ ಮಾಡು’. ಫೋನ್ ಕೈಗೆ ಕೊಡಬೇಡಿ, ವಿಡಿಯೋ ಆಮೇಲೆ ನೋಡಬಹುದು. ಒಂಟಿಯಾಗಿ ಮೀಟ್‌ಗೆ ಹೋಗಬೇಡಿ ಅನ್ನುವುದು ಇದಕ್ಕೇ. ಲಿಫ್ಟ್ ಮಾಡದ ತಮ್ಮನನ್ನೋ ಗೆಳತಿಯನ್ನೋ ಕರೆದುಕೊಂಡು ಹೋದರೂ ನಡೆಯುತ್ತದೆ. ಕಾರ್ಡ್‌ನ ಬಣ್ಣ ಯಾರು ಬೇಕಾದರೂ ನೋಡಿ ಹೇಳಬಹುದು.

ಎರಡನೆಯದೂ ಹೋಗಿದ್ದರೆ? ತೂಕ ಏರಿಸಬೇಡಿ. ಒಂದು ಎಕ್ವಿಪ್ಡ್ ಬೆಂಚ್‌ನಲ್ಲಿ ಮಾತ್ರ, ಶರ್ಟ್‌ನಿಂದಾಗಿ ಬಾರ್ ಎದೆ ಮುಟ್ಟುತ್ತಿಲ್ಲ ಅಂತ ಖಾತ್ರಿ ಇದ್ದರೆ, ಎರಡೂವರೆ ಕೆಜಿ ಏರಿಸುವುದರಲ್ಲಿ ಅರ್ಥ ಇದೆ. ಇನ್ನೆಲ್ಲ ಕಡೆ ಅದೇ ತೂಕ. ಮೂರೂ ಹೋಗಿಬಿಟ್ಟರೂ ಬ್ಯಾಗ್ ಕಟ್ಟಬೇಡಿ. ಟೋಟಲ್ ಹೋದರೂ ಉಳಿದ ಲಿಫ್ಟ್ ಮಾಡಬಹುದು, ಬಿಡಿ ಲಿಫ್ಟ್‌ಗೆ ಪದಕ ಇರುವ ಕಡೆ ಅದಕ್ಕೂ ಸ್ಪರ್ಧಿಸಬಹುದು. ನಾನು ಅವತ್ತು ಎದ್ದು ಬಂದುಬಿಟ್ಟೆ, ಬೆಂಚ್ ಕಮಾಂಡ್ ಕಲಿಯುವ ಅವಕಾಶವೂ ಹೋಯಿತು.

ಕೊನೆಗೆ ತಕ್ಕಡಿ

ಆ ಎರಡು ತಿಂಗಳಲ್ಲಿ ನನ್ನ ದೋಷ ಡೆಪ್ತ್ ಅಂತಲೂ ಅನ್ನಿಸಿತ್ತು. ಅದು ನಿಜವೂ ಹೌದು. ಆದರೆ ಯಾಕೆ ಅಷ್ಟು ಮೇಲೆ ನಿಂತೆ ಅನ್ನುವುದಕ್ಕೆ ಉತ್ತರ ಸಿಕ್ಕಿರಲಿಲ್ಲ. ಸ್ಪರ್ಧೆಯ 165 ಬೆನ್ನ ಮೇಲೆ ಕೂತಾಗ ಜಿಮ್‌ನ 170ಕ್ಕಿಂತ ಭಾರ ಅನ್ನಿಸಿತ್ತು. ಭಯಕ್ಕೆ ಹಾಗನ್ನಿಸಿತು ಅಂದುಕೊಂಡೆ.

ಒಂದು ಭಾನುವಾರ ಜಿಮ್‌ನ ಪ್ಲೇಟ್‌ಗಳನ್ನು ಗೆಳೆಯನ ಆಟೋದಲ್ಲಿ ಹಾಕಿಕೊಂಡು ಅವರ ಚಿಕ್ಕಪ್ಪನ ರಾಗಿ ಅಂಗಡಿಗೆ ಹೋದೆವು. ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. 20 ಅಂತ ಅಚ್ಚೊತ್ತಿದ್ದ ಪ್ಲೇಟ್ ಇಟ್ಟೆ. 19.0. ಇನ್ನೊಂದು, 18.9. ಮತ್ತೊಂದು, 19.1. ಆರು ಪ್ಲೇಟ್ ಸೇರಿ 6 ಕೆಜಿ ಕಮ್ಮಿ. ನಾನು 170 ಅಂದುಕೊಂಡಿದ್ದು 164. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ತಕ್ಕಡಿ ನೋಡಿದರು. ‘ರಾಗಿಗೆ ಹಿಂಗ್ ಮಾಡಿದ್ರೆ ರೈತರು ಅಂಗಡಿ ಮುಂದೆ ಕೂರ್ತಾರೆ ಕಣಪ್ಪಾ’ ಅಂದರು.

ಸ್ಪರ್ಧೆಯ ಪ್ಲೇಟ್ ತೂಕ ಸರಿಯಾಗಿರುತ್ತದೆ. ಬಾರ್ 20, ಪ್ಲೇಟ್ ಜಾರದಂತೆ ಹಾಕುವ ಎರಡು ಕಾಲರ್ ಎರಡೂವರೆ ಎರಡೂವರೆ, ಒಟ್ಟು 25ರಿಂದ ಶುರು. ಅಂದರೆ ಬದುಕಿನಲ್ಲಿ ಯಾವತ್ತೂ ಎತ್ತಿರದ ತೂಕವನ್ನು ನಾನು ಓಪನರ್ ಮಾಡಿಕೊಂಡಿದ್ದೆ. ಅದೂ ಮೇಲಿಂದ ಹಿಡಿದ ಫೋನ್ ನೋಡಿ ಸರಿಯಿದೆ ಅಂದುಕೊಂಡ ಡೆಪ್ತ್‌ನಲ್ಲಿ. ಎರಡೂ ಒಟ್ಟಿಗೆ ಸೇರಿತು. ಮುಂದಿನ ಮೀಟ್‌ನಲ್ಲಿ 145ಕ್ಕೆ ಶುರು ಮಾಡಿದೆ. ಮೂರು ಬಿಳಿ. ಆ ದಿನ ಒಂಬತ್ತರಲ್ಲಿ ಎಂಟು ಪಾಸು.

ಈಗ ನಮ್ಮ ಜಿಮ್‌ನ ಪ್ರತಿ ಪ್ಲೇಟ್ ಮೇಲೂ ಅದರ ನಿಜವಾದ ತೂಕ ಬಿಳಿ ಬಣ್ಣದಲ್ಲಿ ಬರೆದಿದೆ. 19.0, 18.9, 19.1. ಹೊಸದಾಗಿ ಸೇರಿದವರು ಇದೇನು ಅಂತ ಕೇಳಿದಾಗ ಈ ಕಥೆ ಹೇಳುತ್ತೇನೆ.